ಪಾರುಪತ್ಯಗಾರ ಹಗ್ಗ ಹೊಸೆದದ್ದು

ಮೋಡಗಳಿಗೆ ದಾರಿ ತಪ್ಪಿದರೆ ಬಂದು ತಂಗುವಂಥ ಒಂದು ಊರಿತ್ತಂತೆ, ಒಂದು ಕಾಲದಲ್ಲಿ. ಯಾವ ಕಾಲ ಅಂತ ಕೇಳಬೇಡಿ. ರಾಜರಿಗೆ ಬುದ್ಧಿ ಕಮ್ಮಿಯಿದ್ದ ಕಾಲ ಅಂದರೆ ಎಲ್ಲ ಕಾಲಕ್ಕೂ ಸಲ್ಲುತ್ತದೆ.

ಊರಿನ ಹೆಸರು ಮುಗಿಲಹಟ್ಟಿ. ಬೆನ್ನಿಗೆ ಆಡೂ ಹತ್ತಲಾರದ ಬಂಡೆ. ಎದುರಿಗೆ ಆಳವಾದ ಕಂದರ. ಕಂದರದ ತಳದಲ್ಲಿ ಹಗಲಿರುಳೂ ಬೈಯುತ್ತ ಹರಿಯುವ ಹೆಬ್ಬಳ್ಳ. ಕಂದರದ ಆ ದಡದಲ್ಲಿ ಇನ್ನೊಂದು ಊರು, ಅದು ಆಚೆಹಟ್ಟಿ. ಈ ದಡದಲ್ಲಿ ನಿಂತು ಕೂಗಿದರೆ ಆ ದಡಕ್ಕೆ ಕೇಳುತ್ತಿತ್ತು. ಮುಖ ಕಾಣುತ್ತಿತ್ತು, ಮೂಗು ಕಾಣುತ್ತಿರಲಿಲ್ಲ, ಅಷ್ಟು ಅಗಲ. ಆದರೆ ಇಳಿದು ಹತ್ತಿ ಹೋಗುತ್ತೇನೆ ಅಂತ ಹೊರಟವರಲ್ಲಿ ಇಳಿದವರುಂಟು, ಹತ್ತಿದವರಿಲ್ಲವಂತೆ.

ಅದಕ್ಕೇ ನಡುವೆ ಒಂದು ಹಗ್ಗದ ಸೇತುವೆ. ಉಪ್ಪು ಬರುವುದು ಅದರ ಮೇಲೆ, ಬಟ್ಟೆ ಬರುವುದು ಅದರ ಮೇಲೆ, ಹೆಣ್ಣು ಕೊಟ್ಟು ತರುವುದೂ ಅದರ ಮೇಲೆ.

ಆ ಹಗ್ಗ ಯಾವುದರದ್ದು? ಭಂಗಿ ಗಿಡದ್ದು. ಹೌದು, ಅದೇ. ಪೇಟೆಯಲ್ಲಿ ಗಾಂಜಾ ಅಂತ ಪಿಸುಗುಟ್ಟುತ್ತಾರಲ್ಲ, ಆ ಗಿಡವೇ. ಮುಗಿಲಹಟ್ಟಿಯವರು ಪಿಸುಗುಟ್ಟುತ್ತಿರಲಿಲ್ಲ. ನಾವು ರಾಗಿ ಅಂದಷ್ಟು ಸಲೀಸಾಗಿ ಭಂಗಿ ಅನ್ನುತ್ತಿದ್ದರು. ಆ ಚಳಿಗೆ, ಆ ಇಳಿಜಾರಿಗೆ ಸೆಣಬು ಬಾರದು, ಕತ್ತಾಳೆ ಬಾರದು, ತೆಂಗಿನ ಮಾತಂತೂ ಬೇಡ. ಭಂಗಿ ಮಾತ್ರ ಆಳೆತ್ತರ ಏಳುತ್ತಿತ್ತು. ಬೀಜ ಹುರಿದರೆ ಚಟ್ನಿ, ದನಕ್ಕೆ ಹೊಟ್ಟೆ ಉಬ್ಬರಿಸಿದರೆ ಸೊಪ್ಪು, ದೇವರ ತಲೆ ಮೇಲೆ ಒಂದು ಕುಡಿ. ಮುದುಕರು ಚಿಲುಮೆ ಸೇದುತ್ತಿರಲಿಲ್ಲವೇ ಅಂದರೆ, ಸೇದುತ್ತಿದ್ದರು. ಸೇದಿ ಗುಡಿಯ ಹಿಂದೆ ಕೂತು ಸುಮ್ಮಸುಮ್ಮನೆ ನಗುತ್ತಿದ್ದರು. ಹೆಂಡತಿಯರು ಬಂದು ಬೈದು ಎಳೆದುಕೊಂಡು ಹೋಗುತ್ತಿದ್ದರು. ಇದು ಅಲ್ಲಿನ ಅಪರಾಧಗಳ ಪೂರ್ತಿ ಪಟ್ಟಿ.

ಆ ಊರಿಗೆ ಕಟ್ಟಳೆಗಳಿದ್ದವಂತೆ. ದೀಪಾವಳಿಯ ಅಮಾವಾಸ್ಯೆ ಕಳೆದು ಸೂರ್ಯ ಹುಟ್ಟಿದ ಕೂಡಲೇ ಹಳೆ ಸೇತುವೆಯನ್ನು ಕಡಿದು ಹೊಳೆಗೆ ಬಿಡಬೇಕು, ಹೊತ್ತು ಮುಳುಗುವುದರೊಳಗೆ ಹೊಸದನ್ನು ಕಟ್ಟಬೇಕು. ಹಳೆ ಹಗ್ಗ ಎರಡನೆಯ ದೀಪಾವಳಿಯ ಬೆಳಕು ಕಾಣಬಾರದು. ಇನ್ನೊಂದು, ಹಗ್ಗ ಹೊಸೆಯದ ಕಾಲು ಸೇತುವೆ ಮೆಟ್ಟಬಾರದು. ನೆಂಟರು ಬಂದರೆ ಅವರ ಹೆಸರಿನಲ್ಲಿ ಮನೆಯವರು ಒಂದು ಮಾರು ಹೊಸೆದು ಕೊಡಬೇಕು. ಕಟ್ಟಳೆ ಕಾಯುವವನು ಊರ ಯಜಮಾನ ಕಾರಯ್ಯ. ಹಿಂದೆ ಒಂದು ವರ್ಷ ಸೋಮಾರಿತನಕ್ಕೆ ಹಳೆ ಸೇತುವೆಯನ್ನೇ ಇಟ್ಟುಕೊಂಡಿದ್ದಾಗ ಅದು ಹರಿದು ಕಾರಯ್ಯನ ತಮ್ಮ ಹೆಬ್ಬಳ್ಳ ಸೇರಿದ್ದನಂತೆ. ಅಂದಿನಿಂದ ಕಟ್ಟಳೆ ಅಂದರೆ ಕಾರಯ್ಯನಿಗೆ ತಾಯಿಯ ಮಾತು.

ಆ ಊರಲ್ಲಿ ಕೇತವ್ವ ಅಂತ ಒಬ್ಬಳಿದ್ದಳಂತೆ. ಗಂಡ ತೀರಿಕೊಂಡಿದ್ದ. ಇದ್ದ ಒಬ್ಬಳೇ ಮಗಳು ಬೊಮ್ಮಿಯನ್ನು ಆಚೆಹಟ್ಟಿಗೆ ಕೊಟ್ಟಿದ್ದಳು. ಬೊಮ್ಮಿ ಈಗ ಬಸುರಿ. ಅವರ ಕಡೆ ಹೆರಿಗೆ ಗಂಡನ ಮನೆಯಲ್ಲಿ, ಬಾಣಂತನ ಮಾತ್ರ ಹೆತ್ತವಳ ಕೈಯಲ್ಲಿ. ಭಂಗಿ ಬೀಜ ಹುರಿದು, ಕುಟ್ಟಿ, ಬೆಲ್ಲ ಹಾಕಿ ಕಟ್ಟಿದ ಉಂಡೆಯನ್ನು ಅವ್ವನೇ ಮಗಳ ಬಾಯಿಗಿಡಬೇಕು. ಅದಕ್ಕೂ ಒಂದು ಕಟ್ಟಳೆ: ಕೂಸಿನ ಅಳು ಕಿವಿಗೆ ಬೀಳುವ ತನಕ ಬೀಜವನ್ನು ಬೆಂಕಿಗೆ ತೋರಿಸಬಾರದು. ಹುಟ್ಟದ ಕೂಸಿಗೆ ಅಡುಗೆ ಮಾಡಿದರೆ ಕೂಸು ಮುನಿಸಿಕೊಳ್ಳುತ್ತದೆ ಅಂತ. ಹಾಗಾಗಿ ಕೇತವ್ವ ದೊಡ್ಡ ಸೋರೆಬುರುಡೆಯೊಂದರ ತುಂಬ ಹಸಿ ಬೀಜ ತುಂಬಿ ಸೂರಿಗೆ ನೇತುಹಾಕಿದ್ದಳು.

ಬೊಮ್ಮಿಯ ಮೊದಲ ಕೂಸು ಕೈಗೆ ಹತ್ತಿರಲಿಲ್ಲ. ಆಗ ಕೇತವ್ವ ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಈ ಸಲ ನೋವು ಬರೋಕೆ ಮುಂಚೆನೇ ಬಂದು ನಿನ್ನ ತಲೆದೆಸೇಲಿ ಕೂತಿರ್ತೀನಿ, ಮಗಾ" ಅಂತ ಮಾತು ಕೊಟ್ಟಿದ್ದಳು. ಸುಗ್ಗಿ ಮುಗಿಸಿ, ತನ್ನ ಪಾಲಿನ ಹಗ್ಗ ಹೊಸೆದು, ಹೊಸ ಸೇತುವೆಯ ಮೇಲೆ ನಡೆದುಹೋಗುವುದು. ಇಷ್ಟೇ ಅವಳ ಲೆಕ್ಕ.

ಇತ್ತ ಆ ರಾಜ್ಯದ ರಾಜ ಒಂದು ಶಿವರಾತ್ರಿಯ ದಿನ ಭಂಗಿ ಅರೆದ ಹಾಲನ್ನು ಬಟ್ಟಲಲ್ಲಿ ಕುಡಿಯುವ ಬದಲು ಬಿಂದಿಗೆಯಲ್ಲಿ ಕುಡಿದನಂತೆ. ಮರುದಿನ ಒಡ್ಡೋಲಗ. ಪರದೇಶದ ದೂತರು ಕಾದಿದ್ದಾರೆ. ರಾಜ ಬಂದ, ಮೀಸೆ ತಿರುವಿದ, ಸಿಂಹಾಸನದ ಪಕ್ಕದಲ್ಲಿ ಕೂತ. ಪಕ್ಕದಲ್ಲಿ ಏನಿತ್ತು? ಏನೂ ಇರಲಿಲ್ಲ.

ಕುಡಿದವನು ರಾಜ. ಬಿದ್ದವನು ರಾಜ. ಶಿಕ್ಷೆ ಮಾತ್ರ ಗಿಡಕ್ಕೆ.

ಮುಗಿಲಹಟ್ಟಿಗೆ ಡಂಗುರದವನು ಬಂದ. "ಕೇಳ್ರಪ್ಪೋ ಕೇಳಿ! ಇನ್ನು ಮುಂದೆ ಯಾರೂ ಭಂಗಿ ಬೆಳೆಯಬಾರದು!" ಊರವರು ಹೂಂ ಅಂದರು. ಅವನು ಸೇತುವೆ ದಾಟಿ ಹೋದ. ಇವರು ಕಳೆ ಕೀಳಲು ಹೊಲಕ್ಕೆ ಹೋದರು.

ಮಳೆಗಾಲ ಹಿಡಿಯುವ ಹೊತ್ತಿಗೆ ಡಂಗುರದವನು ಮತ್ತೆ ಬಂದ. "ಕೇಳ್ರಪ್ಪೋ ಕೇಳಿ! ಪ್ರಭುಗಳು ದಯಾಳುಗಳು! ಭಂಗಿಯ ದಂಟು ಬೆಳೆಯಬಹುದು. ಎಲೆ, ಹೂವು, ಬೀಜ ಬೆಳೆಯಬಾರದು!"

ಕೇತವ್ವ ಸೊಂಟಕ್ಕೆ ಕೈ ಇಟ್ಟು ನಿಂತಳು. "ಎಲೆ ಇಲ್ದೆ ದಂಟು ಬೆಳೆಯೋದು ಹೆಂಗಪ್ಪ?"

"ನನಗೇನು ಗೊತ್ತವ್ವ? ನಾನು ಬಾರಿಸೋನು."

"ಬೀಜ ಇಲ್ದೆ ಬರೋ ವರ್ಷ ದಂಟು ಎಲ್ಲಿಂದ ತರ್ಲಿ?"

"ಅದು ಬರೋ ವರ್ಷದ ಡಂಗುರದಲ್ಲಿ ಬರ್ತದೆ" ಅಂದು ಅವನು ಹೊರಟ. ಊರವರು ಮತ್ತೆ ಹೂಂ ಅಂದರು.

ಗಿಡ ಹೂ ಬಿಟ್ಟು ನಿಂತಾಗ ಮೂರನೇ ಸಲ ಬಂದ. "ಕೇಳ್ರಪ್ಪೋ ಕೇಳಿ! ಭಂಗಿ ಬೆಳೆದವರನ್ನು ಹಗ್ಗದಲ್ಲಿ ಕಟ್ಟಿ ಅರಮನೆಗೆ ತರತಕ್ಕದ್ದು!"

"ಯಾವ ಹಗ್ಗದಲ್ಲಪ್ಪ ಕಟ್ಟೋದು?" ಅಂದಳು ಕೇತವ್ವ. ಆ ರಾಜ್ಯಕ್ಕೆಲ್ಲ ಹಗ್ಗ ಹೋಗುತ್ತಿದ್ದದ್ದೇ ಮುಗಿಲಹಟ್ಟಿಯಿಂದ. ಡಂಗುರದವನು ಕೈಯಲ್ಲಿದ್ದ ತಮಟೆ ನೋಡಿದ, ಅದನ್ನು ಕೊರಳಿಗೆ ಬಿಗಿದಿದ್ದ ಭಂಗಿ ಹುರಿ ನೋಡಿದ, ಬಂದ ದಾರಿ ಹಿಡಿದ.

ನಾನು ಏಳು ಕೆರೆ ನೀರಲ್ಲ, ಎಪ್ಪತ್ತು ಕೆರೆ ನೀರು ಕುಡಿದವಳು. ಒಂದೊಂದು ಊರಲ್ಲಿ ನೀರಿಗೆ ಒಂದೊಂದು ರುಚಿ. ಸರ್ಕಾರಕ್ಕೆ ಮಾತ್ರ ಎಲ್ಲ ಕಡೆಯೂ ಒಂದೇ ರುಚಿ ಬಿಡಿ.

ಕೊನೆಗೆ ಅರಮನೆಯ ಆಡಳಿತ ನೋಡುವ ಪಾರುಪತ್ಯಗಾರನೇ ಬಂದ. ಹೆಸರು ಅಪ್ರಮೇಯಯ್ಯ. ಆಜ್ಞೆಗಳನ್ನೆಲ್ಲ ಬರೆದುಕೊಟ್ಟವನೂ ಅವನೇ. ಎಂಥ ನಿಷ್ಠೆಯ ಮನುಷ್ಯ ಅಂದರೆ, ಹೊರಡುವ ಮೊದಲು ರಾಜಧಾನಿಯಲ್ಲಿದ್ದ ಭಂಗಿ ಹಗ್ಗವನ್ನೆಲ್ಲ ತರಿಸಿ ಅರಮನೆಯ ಮುಂದೆ ಸುಡಿಸಿದ್ದನಂತೆ. ಬಾವಿಯ ಹಗ್ಗ, ಆನೆಯ ಹಗ್ಗ, ರಾಣಿಯ ಉಯ್ಯಾಲೆಯ ಹಗ್ಗ, ಒಂದನ್ನೂ ಬಿಡಲಿಲ್ಲ. ಆಮೇಲೆ ಬಂಟರನ್ನು ಕರೆದುಕೊಂಡು, ಗಾಳಿಗೆ ತೂಗುವ ಸೇತುವೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ದಾಟಿ ಬಂದ.

"ಈ ಗಿಡ ಅಪರಾಧ" ಅಂದ ಅಪ್ರಮೇಯಯ್ಯ.

"ಅದರ ಮ್ಯಾಲೇ ನಡಕೊಂಡು ಬಂದ್ರಲ್ಲ ಸ್ವಾಮಿ" ಅಂದಳು ಕೇತವ್ವ.

"ನಾನು ಬಂದದ್ದು ಸರ್ಕಾರಿ ಕೆಲಸದ ಮೇಲೆ."

"ಹಂಗಾದ್ರೆ ನಿಮ್ಮ ಭಾರ ಹೊತ್ತಿದ್ದು ಯಾರು, ಸರ್ಕಾರವೋ, ಹಗ್ಗವೋ?"

ಕಾರಯ್ಯ ಕೈ ಮುಗಿದು ಹೇಳಿದ, "ಒಡೆಯಾ, ನಾಕು ದಿನ ತಡೀರಿ. ಅಮಾವಾಸ್ಯೆಯಾಗಲಿ. ಹಗ್ಗ ಹೊಸೆದು ಸೇತುವೆ ಕಟ್ಟಿದ ಮ್ಯಾಲೆ ಉಳಿದದ್ದನ್ನ ನೀವೇ ಕಿತ್ತುಕೊಳ್ಳಿ."

"ಆಜ್ಞೆಯಲ್ಲಿ 'ತಡೆಯಿರಿ' ಎಂದು ಬರೆದಿಲ್ಲ."

ಬರೆದವನು ಅವನೇ. ಆದರೂ ಬರೆದಿಲ್ಲ ಅಂತ ಅವನೇ ಹೇಳಿದ. ಇಂಥವರ ಹತ್ತಿರ ಏನು ಮಾತಾಡುತ್ತೀರಿ!

ಬಂಟರು ಗಿಡ ಕಿತ್ತರು. ಆಳೆತ್ತರದ ದಂಟುಗಳನ್ನು ಬೇರುಸಹಿತ ಎಳೆದು, ಸೇತುವೆಗೆಂದು ಸುಲಿದಿಟ್ಟಿದ್ದ ನಾರನ್ನೂ ಸೇರಿಸಿ ಒಟ್ಟಿದರು. ಮನೆಮನೆ ಹೊಕ್ಕು ಬೀಜ ಹುಡುಕಿದರು, ಇದ್ದಬದ್ದ ಹಗ್ಗವನ್ನೂ ಹೊರಗೆಳೆದರು. ಕೇತವ್ವನ ಮನೆಯ ಸೂರಿನಲ್ಲಿ ತೂಗುತ್ತಿದ್ದ ಸೋರೆಬುರುಡೆಗೆ ಅಪ್ರಮೇಯಯ್ಯ ತಾನೇ ಕೈ ಹಾಕಿದ.

"ಇದೇನು?"

"ಬಾಣಂತಿ ಸಾಮಾನು ಸ್ವಾಮಿ. ಮುಟ್ತೀರಾ?"

ಮಡಿವಂತ ಮನುಷ್ಯ. ಕೆಂಡ ಮುಟ್ಟಿದವನಂತೆ ಕೈ ಎಳೆದುಕೊಂಡು ಹೊರಗೆ ಬಂದು ಸ್ನಾನಕ್ಕೆ ನೀರು ಕೇಳಿದ.

ಅಮಾವಾಸ್ಯೆಯ ದಿನ ಸಂಜೆ ಬಣವೆಯಷ್ಟು ಭಂಗಿಗೆ ಬೆಂಕಿ ಇಟ್ಟರು. ಊರವರು ಮೂಗು ಮುಚ್ಚಿಕೊಂಡು ಹೊಗೆ ಬಾರದ ದಿಕ್ಕಿಗೆ ಓಡಿದರು. ಸರ್ಕಾರದವರು ಹೊಗೆ ಬೀಸುವ ಕಡೆಗೇ ಸೆಟೆದು ನಿಂತರು, ಪೂರ್ತಿ ಸುಡುವ ತನಕ ಕಾವಲಿರಬೇಕು ಅಂತ ಆಜ್ಞೆ ನೋಡಿ! ಸ್ವಲ್ಪ ಹೊತ್ತಿಗೆ ಒಬ್ಬ ಬಂಟ ಆಡಿಗೆ ಸಲಾಮು ಹೊಡೆದ. ಇನ್ನೊಬ್ಬ ಕಾಗೆಯ ಹತ್ತಿರ ರಜೆ ಕೇಳಿದ. ಅಪ್ರಮೇಯಯ್ಯ ಬಂಡೆಯೊಂದರ ಎದುರು ನಿಂತು, "ನೀನೇಕೆ ಎದ್ದು ನಿಲ್ಲುವುದಿಲ್ಲ? ನಾನು ಯಾರೆಂದು ಗೊತ್ತಿಲ್ಲವೇ?" ಅಂತ ವಿಚಾರಣೆ ಮಾಡಿ, ಬಂಡೆ ಉತ್ತರ ಕೊಡದಿದ್ದಕ್ಕೆ ಅದನ್ನೇ ತಬ್ಬಿಕೊಂಡು ಅತ್ತು, ಅಲ್ಲೇ ನಿದ್ದೆಹೋದ.

ಇತ್ತ ಕೇತವ್ವ ಯೋಚಿಸಿದಳು. ಹೊಸ ಸೇತುವೆ ಹೋದರೆ ಹೋಗಲಿ, ಬೆಳಕು ಹರಿದ ಮೇಲೆ ಹಳೆ ಸೇತುವೆಯ ಮೇಲೇ ಹೋಗಿಬಿಡೋಣ ಅಂತ ಬುರುಡೆ ಇಳಿಸಿ ಗಂಟು ಕಟ್ಟಿದಳು. ಸೂರ್ಯ ಹುಟ್ಟುವ ಹೊತ್ತಿಗೆ ಗಂಟು ಹೊತ್ತು ದಡಕ್ಕೆ ಬಂದರೆ, ಕಾರಯ್ಯ ಕುಡುಗೋಲು ಒರೆಸುತ್ತಿದ್ದಾನೆ. ಸೇತುವೆ ಇಲ್ಲ. ಆಚೆ ದಡದ ಗೂಟದಿಂದ ಒಂದು ತುಂಡು ಮಾತ್ರ ಹಾವಿನ ಪೊರೆ ಹಾಗೆ ಜೋತುಬಿದ್ದಿದೆ, ಉಳಿದದ್ದನ್ನು ಹೆಬ್ಬಳ್ಳ ಎಳೆದುಕೊಂಡು ಹೋಗಿದೆ.

"ಕಾರಯ್ಯಾ! ಏನು ಮಾಡಿದ್ಯೋ?"

"ಕಟ್ಟಳೆ ಅಕ್ಕ. ಅಮಾವಾಸ್ಯೆ ಕಳೀತು."

"ಹೊಸ ಹಗ್ಗ ಎಲ್ಲೈತೋ?"

"ಹೊಸ ಹಗ್ಗ ಇದ್ರೆ ಕಡೀರಿ ಅಂತ ನಮ್ಮ ಹಿರೀಕರು ಯಾವತ್ತು ಹೇಳವ್ರೆ? ಕಡೀರಿ ಅಂತ ಹೇಳವ್ರೆ. ಕಡಿದೆ. ಒಂದು ಸಲ ಕಡೀದೆ ಬಿಟ್ಟು ತಮ್ಮನ್ನ ಕಳಕೊಂಡೀನಿ."

ಕೇತವ್ವ ಗಂಟನ್ನು ನೆಲಕ್ಕಿಟ್ಟು, ಅದರ ಮೇಲೆ ತಾನು ಕೂತು, ಹಣೆ ಹಣೆ ಚಚ್ಚಿಕೊಂಡಳಂತೆ. "ಶಿವನೇ! ಅರಮನೆಯಾಗೆ ಒಬ್ಬ ಹಾಳೆ ನೋಡಿ ಕೀಳ್ತಾನೆ, ಊರಾಗೆ ಒಬ್ಬ ಆಕಾಶ ನೋಡಿ ಕಡೀತಾನೆ. ಕಣ್ಣು ಬಿಟ್ಟು ಮುಂದೆ ನೋಡೋನು ಒಬ್ಬನೂ ಇಲ್ವೇನೋ ಈ ಭೂಮಿ ಮ್ಯಾಲೆ!"

ಹೊತ್ತು ನೆತ್ತಿಗೇರಿದ ಮೇಲೆ ಅಪ್ರಮೇಯಯ್ಯ ಎದ್ದು ಬಂದ. ಕಣ್ಣು ಕೆಂಪು, ಪೇಟ ವಾರೆ.

"ಸೇತುವೆ ಎಲ್ಲಿ?"

"ಅರ್ಧ ನೀವು ಸುಟ್ರಿ, ಅರ್ಧ ಇವನು ಕಡಿದ" ಅಂದಳು ಕೇತವ್ವ. "ಕೂತ್ಕಳ್ಳಿ. ಇನ್ನು ಒಂದು ವರ್ಷ ಎಲ್ಲಿಗೂ ಹೋಗೋ ತಾಪತ್ರಯ ಇಲ್ಲ."

ಬಳ್ಳಿ ಹೆಣೆದು ನೋಡಿದರು, ಕುರಿಮರಿಯೊಂದರ ಭಾರಕ್ಕೇ ಹರಿಯಿತು. ಆಡಿನ ಕೂದಲು ಹೊಸೆದರು, ಊರ ಆಡೆಲ್ಲ ಬೋಳಾದವೇ ಹೊರತು ಹಗ್ಗ ಕಂದರದ ಕಾಲುಭಾಗಕ್ಕೂ ಬರಲಿಲ್ಲ. ಕೆಲವು ದಿನದ ಮೇಲೆ ಆಚೆ ದಡದಲ್ಲಿ ಡಂಗುರದವನು ಕಾಣಿಸಿಕೊಂಡ.

"ಪಾರುಪತ್ಯಗಾರರು ಕೂಡಲೇ ಅರಮನೆಗೆ ಬರಬೇಕಂತೆ!"

"ಹಗ್ಗ ಕಳಿಸಲು ಹೇಳು!" ಅಂತ ಅಪ್ರಮೇಯಯ್ಯ ಕೂಗಿದ.

"ಹಗ್ಗ ಇಲ್ಲವಂತೆ! ತಾವೇ ಸುಟ್ರಂತಲ್ಲ!"

"ಬೇರೆ ಯಾವುದಾದರೂ ಹಗ್ಗ!"

"ಬಾವಿಗೆ ಹಾಕೋಕೆ ರಾಣಿಯವರ ಸೀರೆ ಕಟ್ಟವ್ರೆ! ಅದನ್ನ ಕಳಿಸಿದ್ರೆ ನೀರಿಗೇನು ಮಾಡೋದು ಅಂತ ಕೇಳ್ತಾವ್ರೆ!"

ಅಪ್ರಮೇಯಯ್ಯ ಬಂದು ಕೇತವ್ವನ ಜಗಲಿಯ ಮೇಲೆ ಕೂತ. ಅವಳು ಉಪ್ಪಿಲ್ಲದ ಗಂಜಿ ಮುಂದಿಟ್ಟಳು. "ಉಪ್ಪಿಲ್ಲವೇ?" ಅಂದ. "ಉಪ್ಪು ಎಲ್ಲಿಂದ ಬರೋದು ಅಂತ ಗೊತ್ತೈತಲ್ಲ" ಅಂದಳು. ತಲೆ ತಗ್ಗಿಸಿ ಕುಡಿದ.

ಮಾರ್ಗಶಿರದ ಒಂದು ಬೆಳಿಗ್ಗೆ ಆಚೆ ದಡದಲ್ಲಿ ಹೆರಿಗೆಯಾಯಿತೆಂದು ಮೊರ ಬಡಿಯುವ ಸದ್ದು. ಕೇತವ್ವ ಬರಿಗಾಲಲ್ಲಿ ಓಡಿದಳು.

"ಕೇತವ್ವಾ! ಹೆಣ್ಣು ಕೂಸು!"

"ಬೊಮ್ಮಿ ಹೆಂಗವ್ಳೆ?"

"ಉಳಿದವ್ಳೆ! ಸುಸ್ತು! ಅವ್ವ ಎಲ್ಲಿ ಅವ್ವ ಎಲ್ಲಿ ಅಂತ ಒಂದೇ ಸಮ ಕೇಳ್ತಾವ್ಳೆ!"

ಅವ್ವ ಎಲ್ಲಿ? ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಇದ್ದಳು. ಮಾತು ಕೊಟ್ಟವಳು ಎರಡನೆಯ ಸಲವೂ ತಡಮಾಡಿದ್ದಳು, ಈ ಸಲ ತನ್ನದೇನೂ ತಪ್ಪಿಲ್ಲದೆ.

ಹೆಸರಿಡುವ ದಿನ ಬೊಮ್ಮಿ ಗೋಡೆ ಹಿಡಿದು ಎದ್ದು, ಕೂಸನ್ನೆತ್ತಿಕೊಂಡು ದಡಕ್ಕೆ ಬಂದಳು. ಕೂಸನ್ನು ಎರಡೂ ಕೈಯಲ್ಲಿ ಮೇಲೆತ್ತಿ ತೋರಿಸಿದಳು. ಚಳಿಗಾಳಿ ಬೀಸಿ ಕೂಸು ಅತ್ತಿತು. ಕಂದರ ಆ ಅಳುವನ್ನು ಇನ್ನೊಂದು ಸಲ ತಾನೂ ಅತ್ತಿತು.

ಅಳು ಕಿವಿಗೆ ಬಿತ್ತು. ಇನ್ನು ಬೀಜ ಹುರಿಯಬೇಕು.

ಕೇತವ್ವ ಮನೆಗೆ ಬಂದು ಒಲೆ ಹೊತ್ತಿಸಿ ಹೆಂಚು ಇಟ್ಟಳು. ಸೋರೆಬುರುಡೆ ಇಳಿಸಿ ಬಿರಡೆ ತೆಗೆದಳು. ಬೂದುಬಣ್ಣದ ಬೀಜ, ಅಂಗೈಯಲ್ಲಿ ತಣ್ಣಗೆ. ಊರೆಲ್ಲ ಬಾಗಿಲಲ್ಲಿ ನಿಂತಿತ್ತು. ಮುಗಿಲಹಟ್ಟಿಯಲ್ಲಿ ಉಳಿದಿದ್ದ ಭಂಗಿ ಬೀಜ ಅಂದರೆ ಅಷ್ಟೇ.

"ಹುರಿ ಅಕ್ಕ" ಅಂದ ಕಾರಯ್ಯ. "ಅಳು ಕೇಳಿದ ಮ್ಯಾಲೂ ಹುರೀದಿದ್ರೆ ಕೂಸಿಗೆ ಆಗಲ್ಲ. ಕಟ್ಟಳೆ."

"ಏನಿದು, ಬೀಜವೇ?" ಅಪ್ರಮೇಯಯ್ಯ ಜನರನ್ನು ಸರಿಸಿ ಒಳಗೆ ಬಂದ. "ಬಿತ್ತುವ ಯೋಚನೆಯೇನಾದರೂ ಇದ್ದರೆ ಬಿಟ್ಟುಬಿಡು. ಆಜ್ಞೆ."

ಕೇತವ್ವ ಇಬ್ಬರ ಮುಖವನ್ನೂ ನೋಡಿದಳಂತೆ. ಆಮೇಲೆ ಸಿಟ್ಟು ಬಂತು ನೋಡಿ, ಮಲೆಯ ಸಿಡಿಲು ಬಡಿದ ಹಾಗೆ.

"ಒಬ್ಬ ಹುರಿ ಅಂತೀಯ, ಒಬ್ಬ ಬಿತ್ತಬ್ಯಾಡ ಅಂತೀಯ. ಹುರಿದು ಯಾರ ಬಾಯಿಗಿಡ್ಲೋ ಕಾರಯ್ಯಾ? ಕಾಗೆ ಕಾಲಿಗೆ ಕಟ್ಟಿ ಕಳಿಸ್ಲಾ? ಮಗಳಿಗೆ ಸಿಗದ ಉಂಡೇನ ಕಟ್ಟಳೆ ತಿಂದು ಬದುಕ್ತದಾ? ಏನ್ ಸ್ವಾಮೀ, ಪ್ರಮಯ್ಯನೋರೇ," ಅವನ ಪೂರ್ತಿ ಹೆಸರು ಆ ಊರಲ್ಲಿ ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ, "ನಿಮ್ಮ ಮನೇಲಿ ಯಾರವ್ರೆ?"

"ಹೆಂಡತಿ."

"ಕಾಯ್ತಾವ್ರಾ?"

"ಕಾಯುತ್ತಿರಬೇಕು."

"ಇರಬೇಕು! ನಿಮಗೇ ನಂಬಿಕೆ ಇಲ್ಲ. ಇನ್ನೂ ಎರಡು ವರ್ಷ ಇಲ್ಲೇ ಕೂತಿದ್ರೆ ಏನಾಗ್ತದೆ ಅಂತ ಯೋಚನೆ ಮಾಡಿ."

ಹೆಂಚನ್ನು ಒಲೆಯಿಂದ ಇಳಿಸಿ ನೆಲಕ್ಕೆ ಕುಕ್ಕಿದಳು. ಬಿರಡೆ ಜಡಿದು ಬುರುಡೆಯನ್ನು ಮತ್ತೆ ಸೂರಿಗೆ ಕಟ್ಟಿದಳು. "ಯುಗಾದಿ ಕಳೆದು ಒಂದು ಮಳೆ ಬೀಳಲಿ, ಬಿತ್ತುತೀನಿ. ಕೂಸಿಗೆ ಏನಾದ್ರೂ ಆದ್ರೆ ಆ ಪಾಪ ನಂದು. ಕಟ್ಟೋದಾದ್ರೆ ಹಗ್ಗ ಹುಡುಕಿ ತಂದು ಕಟ್ಟಿ."

ಆಮೇಲೆ ದಿನಾ ಬೆಳಿಗ್ಗೆ ದಡಕ್ಕೆ ಹೋಗಿ, ಆಚೆ ಮನೆಯ ಹೊಗೆ ನೋಡಿ, ಹೊಗೆ ಏಳುತ್ತಿದ್ದರೆ ಮಾತ್ರ ಕೆಲಸಕ್ಕೆ ತೊಡಗುತ್ತಿದ್ದಳಂತೆ.

ಮಳೆ ಬಿತ್ತು. ಬಿತ್ತುವ ದಿನ ಅಪ್ರಮೇಯಯ್ಯ ಹೊಲದ ಅಂಚಿಗೆ ಬಂದು ಬೆನ್ನು ತಿರುಗಿಸಿ ನಿಂತ. "ನಾನು ನೋಡಿಲ್ಲ" ಅಂದ. ಹಾಗೆ ಆಜ್ಞೆಯ ಮಾನ ಉಳಿಯಿತು. ಆದರೆ ಮೂರು ದಿನವೂ ಉಳಿಯಲಿಲ್ಲ. ಭಂಗಿ ಬೀಜ ಅಂದರೆ ಹಕ್ಕಿಗಳಿಗೆ ಹಬ್ಬ. ಬೆನ್ನು ತಿರುಗಿಸಿ ನಿಂತವನ ತಲೆಯ ಮೇಲೇ ಗುಬ್ಬಿಯ ಹಿಂಡು ಹಾರಿ ಬಂದು ಹೊಲಕ್ಕಿಳಿಯಿತು. ಅವನಿಗೆ ಹೆಂಡತಿ ನೆನಪಾದಳೋ, ಉಪ್ಪು ನೆನಪಾಯಿತೋ, ತಿರುಗಿ ಪೇಟ ಬಿಚ್ಚಿ ಬೀಸುತ್ತ "ಉಶ್! ಉಶ್!" ಅಂತ ಓಡಿದನಂತೆ. ಹೊಲದಲ್ಲಿದ್ದ ಹೆಂಗಸರು ಹೊಟ್ಟೆ ಹಿಡಿದು ನಕ್ಕರು.

"ಪ್ರಮಯ್ಯನೋರೇ, ಇದು ಸರ್ಕಾರಿ ಕೆಲಸವಾ?"

"ಬಾಯಿ ಮುಚ್ಚಿ ಆ ಕಡೆಯ ಹಕ್ಕಿ ಓಡಿಸಿ!" ಅಂತ ಅವನು ಕೂಗಿದ.

ಅಲ್ಲಿಂದ ಮುಂದೆ ಅವನೂ ಒಬ್ಬ ಬೆಳೆಗಾರ. ಬಂಟರೂ ಸೊಂಟ ಕಟ್ಟಿದರು. ಗಂಡುಗಿಡ ಮೊದಲು ಬಲಿಯುತ್ತದೆ, ಅದರ ನಾರು ನಯ, ಅದನ್ನು ಮೊದಲೇ ಕೀಳಬೇಕು. ಹೆಣ್ಣುಗಿಡವನ್ನು ಬೀಜಕ್ಕೆ ಬಿಡಬೇಕು. "ಕೀಳೋ ಕೆಲಸ ನಿಮಗೆ ಹೇಳಿಕೊಡಬೇಕಾಗಿಲ್ಲ" ಅಂತ ಕೇತವ್ವ ಅವನನ್ನೇ ಮುಂದೆ ಬಿಟ್ಟಳು. ಕಿತ್ತ ದಂಟನ್ನು ಮಡುವಿನಲ್ಲಿ ಕಲ್ಲು ಹೇರಿ ಕೊಳೆಹಾಕಿದರು. ಕೊಳೆತ ನಾತಕ್ಕೆ ಮಡಿವಂತ ಮನುಷ್ಯ ದೂರದಲ್ಲಿ ವಾಂತಿ ಮಾಡಿ ಬಂದು ಮತ್ತೆ ನೀರಿಗಿಳಿದ. ಒಣಗಿಸಿದರು, ನಾರು ಸುಲಿದರು, ಬಡಿದರು. ಹೊಸೆಯುವುದು ತೊಡೆಯ ಮೇಲೆ. ಮೊದಲ ದಿನವೇ ಅವನ ತೊಡೆಯ ರೋಮವೆಲ್ಲ ಹಗ್ಗದೊಳಗೆ ಸೇರಿಹೋಯಿತು. "ಅಮ್ಮಾ!" ಅಂದ. "ನಿಮ್ಮ ಅಮ್ಮನ ಹೆಸರಲ್ಲೂ ಒಂದು ಮಾರು ಹೊಸೀರಿ" ಅಂದಳು ಕೇತವ್ವ. "ನೆಂಟರ ಹೆಸರಲ್ಲಿ ನಾವು ಹೊಸೀತೀವಿ. ಬೆಂಕಿ ಇಟ್ಟೋರ ಹೆಸರಲ್ಲಿ ಅವರೇ ಹೊಸೀಬೇಕು."

ದೀಪಾವಳಿ ಬಂತು. ಅಮಾವಾಸ್ಯೆ ಕಳೆದ ಬೆಳಿಗ್ಗೆ ಈ ದಡದಿಂದ ಬಾಣದ ಬಾಲಕ್ಕೆ ಸಣ್ಣ ಹುರಿ ಕಟ್ಟಿ ಬಿಟ್ಟರು. ಆಚೆಹಟ್ಟಿಯವರು ಹುರಿ ಎಳೆದರು, ಹುರಿಯ ಹಿಂದೆ ಹಗ್ಗ, ಹಗ್ಗದ ಹಿಂದೆ ಇಡೀ ಸೇತುವೆ. ಗೂಟಕ್ಕೆ ಬಿಗಿದರು. ಮುಗಿಲಹಟ್ಟಿಯಲ್ಲಿ ಸಿಳ್ಳೆ, ಕೇಕೆ.

ಅಷ್ಟರಲ್ಲಿ ಆಚೆ ದಡಕ್ಕೆ ಹೊಸ ಪಾರುಪತ್ಯಗಾರ ಬಂದು ಇಳಿದ. ಹಳಬ ಬರಲಿಲ್ಲ ಅಂತ ರಾಜ ಇನ್ನೊಬ್ಬನನ್ನು ನೇಮಿಸಿದ್ದ. ಎಳೆಯ ಪ್ರಾಯ, ಮಡಿಕೆ ಮುರಿಯದ ಅಂಗಿ. 

"ಇದು ಭಂಗಿ!" ಅಂತ ಕೂಗಿದ. "ಇದರ ಮೇಲೆ ಕಾಲಿಡುವುದು ಅಪರಾಧ! ಯಾರಲ್ಲಿ, ಗೂಟದ ಹತ್ತಿರ ಕಡಿಯಿರಿ!"

ಒಬ್ಬ ಬಂಟ ಕತ್ತಿ ಎಳೆದು ಗೂಟದ ಕಡೆ ನಡೆದ. ಬೊಮ್ಮಿ ಕಂಕುಳ ಕೂಸನ್ನು ಕೆಳಗಿಳಿಸಿ, ಓಡಿಹೋಗಿ ಗೂಟವನ್ನೂ ಗಂಟನ್ನೂ ಸೇರಿಸಿ ತಬ್ಬಿಕೊಂಡಳು. "ಕಡಿ. ನನ್ನ ಕೈ ಮೊದಲು ಕಡಿ."

ಈ ದಡದಿಂದ ಅಪ್ರಮೇಯಯ್ಯ ಕೂಗಿದ. "ನಿಲ್ಲಿಸಿ! ನಿಮಗೆ ಇರುವ ಆಜ್ಞೆ ಏನು?"

"ಭಂಗಿ ಬೆಳೆದವರನ್ನು ಹಗ್ಗದಲ್ಲಿ ಕಟ್ಟಿ ತರತಕ್ಕದ್ದು!"

ತನ್ನದೇ ಮಾತು, ತನ್ನದೇ ವಾಕ್ಯ, ಕಂದರ ದಾಟಿ ಬಂದು ತನ್ನ ಮುಖಕ್ಕೇ ಬಡಿಯಿತು. "ಹಗ್ಗ ತಂದಿದ್ದೀರಾ?"

"ರಾಜ್ಯದಲ್ಲೆಲ್ಲೂ ಹಗ್ಗ ಇಲ್ಲ!"

"ಹಾಗಾದರೆ ಈ ಸೇತುವೆಯನ್ನು ಬಿಚ್ಚಿ ನಮ್ಮನ್ನು ಕಟ್ಟಬೇಕು! ಬಿಚ್ಚಿದರೆ ನೀವು ಇಲ್ಲಿಗೆ ಬರುವುದು ಹೇಗೆ?"

"ಬಿಚ್ಚುವ ಮೊದಲು ಬರುತ್ತೇನೆ!"

"ಬಂದು ಬಿಚ್ಚಿದರೆ ವಾಪಸು ಹೋಗುವುದು ಹೇಗೆ? ನನ್ನನ್ನು ನೋಡಿ! ಒಂದು ವರ್ಷವಾಯಿತು ಉಪ್ಪು ತಿಂದು!"

ಹೊಸಬ ಬೆರಳು ಮಡಚಿ ಬಿಚ್ಚಿ ಯೋಚಿಸತೊಡಗಿದ. ಇತ್ತಿಂದ ಒಂದು ವಾದ, ಅತ್ತಿಂದ ಒಂದು ವಾದ. ವಿದ್ಯಾವಂತರಿಬ್ಬರು ಸಿಕ್ಕಿದರೆ ಕೇಳಬೇಕೆ! ಹೊಸಬ ತಲೆಯೆತ್ತಿ ನೋಡಿದಾಗ ಕೇತವ್ವ ಸೊಂಟಕ್ಕೆ ಗಂಟು ಕಟ್ಟಿಕೊಂಡು ಸೇತುವೆಯ ಅರ್ಧಕ್ಕೆ ಬಂದಿದ್ದಳು.

"ಏ ಮುದುಕಿ! ಹಿಂದಕ್ಕೆ ಹೋಗು!"

"ಹಿಂದ್ಹಿಂದಕ್ಕೆ ನಡೆಯೋದು ಅರಮನೆ ಅಭ್ಯಾಸ ಕಣಪ್ಪ, ನಮಗೆ ಬರಾಕಿಲ್ಲ" ಅಂದಳು, ನಿಲ್ಲಲಿಲ್ಲ. ಕೆಳಗೆ ಹೆಬ್ಬಳ್ಳ, ಕಾಲಡಿಗೆ ಹಗ್ಗ, ಎದುರಿಗೆ ಕತ್ತಿ ಹಿಡಿದವನು. ಕತ್ತಿಯವನು ತನ್ನ ಒಡೆಯನ ಕಡೆ ನೋಡಿದ, ಮುದುಕಿಯ ಕಡೆ ನೋಡಿದ. ಅವನಿಗೂ ಒಬ್ಬಳು ಅಜ್ಜಿ ಇದ್ದಳೋ ಏನೋ. ಕತ್ತಿಯನ್ನು ನೆಲಕ್ಕೂರಿ ನಿಂತ.

ಕೇತವ್ವ ಆಚೆ ದಡ ಮೆಟ್ಟಿದಳು. ಬೊಮ್ಮಿ ಗೂಟ ಬಿಟ್ಟು ಅವ್ವನನ್ನು ಹಿಡಿದಳು. "ಎಷ್ಟೊತ್ತು ಅವ್ವ?" ಅಂದಳು, ಅಷ್ಟೇ. ಕೇತವ್ವ ಗಂಟು ಬಿಚ್ಚಿದಳು. ಹೊಸ ಬೆಳೆಯ ಬೀಜ ಹುರಿದು, ಊರಲ್ಲಿ ಕೊನೆಗೆ ಉಳಿದಿದ್ದ ಅಚ್ಚು ಬೆಲ್ಲ ಹಾಕಿ ಕಟ್ಟಿದ ಉಂಡೆ. ಒಂದನ್ನು ಮಗಳ ಬಾಯಿಗಿಟ್ಟಳು. ಅಷ್ಟರಲ್ಲಿ ಸೀರೆಯ ನೆರಿಗೆ ಯಾರೋ ಜಗ್ಗಿದರು. ನೋಡಿದರೆ ಮೊಮ್ಮಗಳು, ನೆಟ್ಟಗೆ ನಿಂತಿದ್ದಾಳೆ. ಕೈ ಚಾಚಿ ಒಂದು ಉಂಡೆ ಕಸಿದು, ಇದ್ದ ನಾಲ್ಕು ಹಲ್ಲಲ್ಲಿ ಕಟಮ್ ಅಂತ ಕಡಿದಳು.

"ಅದರಲ್ಲಿ ಬೀಜವಿದೆ!" ಅಂತ ಹೊಸಬ ಓಡಿಬಂದ. "ಅದು ಸಾಕ್ಷಿ! ಕೊಡಿ ಇಲ್ಲಿ!"

ಕೂಸು ಅವನನ್ನೇ ನೋಡುತ್ತ ಸಾಕ್ಷಿಯನ್ನು ನುಂಗಿತು.

ಅಪ್ರಮೇಯಯ್ಯ ಎಲ್ಲರಿಗಿಂತ ಕೊನೆಗೆ ದಾಟಿ ಬಂದನಂತೆ, ಈ ಸಲ ಕಣ್ಣು ತೆರೆದುಕೊಂಡು. ಬಂದವನೇ ತಾನು ಹೊಸೆದ ಹಗ್ಗದಲ್ಲಿ ಒಂದು ಮಾರನ್ನು ಹೊಸಬನ ಕೈಗೆ ಕೊಟ್ಟು, ಎರಡೂ ಮುಂಗೈ ಮುಂದೆ ಚಾಚಿದ. "ಭಂಗಿ ಬೆಳೆದವನು ನಾನು. ಆಜ್ಞೆ ಇದ್ದಂತೆ ಕಟ್ಟಿ ಕರೆದುಕೊಂಡು ಹೋಗಿ. ಬರೆದವನು ನಾನೇ, ಮೊದಲು ನನ್ನಿಂದಲೇ ನಡೆಯಲಿ." ಹೊಸಬ ಕಟ್ಟಿದ. ಕೇತವ್ವ ಕಟ್ಟಿಸಿಕೊಂಡವನ ಬಾಯಿಗೂ ಒಂದು ಉಂಡೆ ಇಟ್ಟಳು. ಕೈ ಕಟ್ಟಿದ್ದರಿಂದ ಬೇಡ ಅನ್ನಲಾಗಲಿಲ್ಲ ಅಂತ ಆಮೇಲೆ ಹೇಳುತ್ತಿದ್ದನಂತೆ.

ಅರಮನೆಯ ಪಾಡು ಕೇಳಬೇಡಿ. ಕಟ್ಟಲು ಹಗ್ಗವಿಲ್ಲದೆ ಆನೆ ರಾಣಿಯ ತೋಟದಲ್ಲಿ ಒಂದು ವರ್ಷದಿಂದ ಮೇಯುತ್ತಿತ್ತು. ರಾಣಿಯ ಸೀರೆಗಳೆಲ್ಲ ಬಾವಿ ಸೇರಿದ್ದವು. ರಾಣಿ ರಾಜನ ಹತ್ತಿರ ಮಾತು ಬಿಟ್ಟಿದ್ದಳು. ಅಪ್ರಮೇಯಯ್ಯನನ್ನು ತಂದು ನಿಲ್ಲಿಸಿದಾಗ ರಾಜ ಸಿಂಹಾಸನದಿಂದ ಎದ್ದು ಓಡಿಬಂದ. ಅವನ ಮುಖ ನೋಡಲಿಲ್ಲ, ಅಪರಾಧ ಕೇಳಲಿಲ್ಲ. ಮುಂಗೈ ಹಿಡಿದು, ತನ್ನ ಉಗುರಿನಿಂದಲೇ ಗಂಟು ಬಿಚ್ಚತೊಡಗಿದ.

"ಇದನ್ನು ಮೊದಲು ಕೊಡಯ್ಯ! ಬಾವಿಗೆ ಬೇಕು!"

ಕಾನೂನನ್ನು ಹಿಂದಕ್ಕೆ ತೆಗೆದುಕೊಂಡರೆ ಅರಮನೆಯ ಮರ್ಯಾದೆ ಏನಾಗಬೇಕು? ಆದ್ದರಿಂದ ತೆಗೆದುಕೊಳ್ಳಲಿಲ್ಲ. ಡಂಗುರದವನು ನಾಲ್ಕನೇ ಸಲ ಮುಗಿಲಹಟ್ಟಿಗೆ ಬಂದ. "ಕೇಳ್ರಪ್ಪೋ ಕೇಳಿ! ಭಂಗಿ ಬೆಳೆಯಬಾರದು! ಹಗ್ಗ ಬೆಳೆಯಬಹುದು!"

"ಇಷ್ಟು ಹೇಳೋಕೆ ನನ್ನ ಒಂದು ವರ್ಷ ತಿಂದ್ರಲ್ಲೋ" ಅಂದಳು ಕೇತವ್ವ. ಊರವರು ಹೂಂ ಅಂದು ಹಗ್ಗ ಬಿತ್ತಲು ಹೋದರು.

ಕಾರಯ್ಯ ಮಾತ್ರ ಕಟ್ಟಳೆಗೆ ಒಂದು ಮಾತು ಸೇರಿಸಿದನಂತೆ. ಈಗ ದೀಪಾವಳಿ ಕಳೆದ ಬೆಳಿಗ್ಗೆ ಮೊದಲು ಹೊಸ ಸೇತುವೆ ಕಟ್ಟುತ್ತಾರೆ. ಅದರ ಮೇಲೆ ಊರಿನ ಒಬ್ಬಳು ಅಜ್ಜಿ ಉಂಡೆಯ ಗಂಟು ಹೊತ್ತು ನಡೆಯುತ್ತಾಳೆ. ಆಚೆ ದಡದಲ್ಲಿ ಒಂದು ಕೂಸು ಅವಳ ಸೆರಗು ಹಿಡಿದು ಜಗ್ಗಿದ ಮೇಲೆಯೇ ಹಳೆಯ ಹಗ್ಗಕ್ಕೆ ಕುಡುಗೋಲು. ಅಲ್ಲಿಯ ತನಕ ಯಜಮಾನನಾಗಲಿ ಪಾರುಪತ್ಯಗಾರನಾಗಲಿ ಬಾಯಿ ಬಿಡುವ ಹಾಗಿಲ್ಲ.

ಅವರು ಅಲ್ಲಿ ಉಪ್ಪುಂಡು ಈಚೆಯಿಂದ ಆಚೆಗೆ ಓಡಾಡಿಕೊಂಡಿದ್ದಾರೆ. ನಾವು ಇಲ್ಲಿ ಮುಂದಿನ ಡಂಗುರಕ್ಕೆ ಕಿವಿಕೊಟ್ಟು ಕೂತಿದ್ದೇವೆ. ಕಥೆ ದಡ ಮುಟ್ಟಿತು, ನಿಮ್ಮ ನಿಮ್ಮ ಹಗ್ಗ ನೀವು ಹೊಸೆದುಕೊಳ್ಳಿ.